ಏಕಾದಶಿಯ ಮರುದಿನ

 



ಈ ಸಂಚಿಕೆಯು ತಮ್ಮ ಕೈಸೇರುವ ವೇಳೆಗೆ ಪ್ರಥಮೈಕಾದಶಿಯು ಸಮೀಪಿಸಿರುತ್ತದೆ. ಅಂದು ತಪ್ತಮುದ್ರಾಧಾರಣೆ, ಮರುದಿನ ಪಾರಣೆ, ಅಲ್ಲಿಂದ ಮುಂದೆ ಉತ್ಥಾನದ್ವಾದಶಿಯವರೆಗೆ ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತ. ಪ್ರತಿವರ್ಷವೂ ಈ ಸಂದರ್ಭದಲ್ಲಿ ವ್ರತದ ಮಹಿಮೆಯನ್ನೂ ವರ್ಜ್ಯ ಪದಾರ್ಥಗಳ ವಿವರವನ್ನೂ ಕುರಿತು ನಾವು ನಾಲ್ಕು ಮಾತು ಬರೆಯುವುದು ವಾಡಿಕೆ. ಈ ಸಲ ಬೇರೆಯೇ ಆದ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ದೇಹದ ಭಾರವನ್ನು ಇಳಿಸಿಕೊಳ್ಳಬೇಕೆಂದು ವೈದ್ಯರಿಂದ ಹೇಳಿಸಿಕೊಂಡು, ಪ್ರಯತ್ನಿಸಿ, ಸೋತು, ಮತ್ತೊಮ್ಮೆ ಪ್ರಯತ್ನಿಸುವ ಮನಸ್ಸೇ ಬಾರದೆ ಕುಳಿತವರು ನಮ್ಮ ಭಕ್ತವೃಂದದಲ್ಲಿ ಅನೇಕರಿದ್ದಾರೆ. ಈ ಬರಹ ಅವರಿಗಾಗಿ.

ದೇವಸ್ಥಾನದ ಪತ್ರಿಕೆಯಲ್ಲಿ ಇಂಥ ಲೌಕಿಕ ವಿಷಯವೇತಕ್ಕೆಂದು ಯಾರಾದರೂ ಕೇಳಬಹುದು. ನೆಲಕ್ಕೆ ಬಾಗಿ ನಮಸ್ಕಾರ ಮಾಡಲಾಗದ, ಮಣೆಯ ಮೇಲೆ ಕುಳಿತು ಪೂಜೆ ಮುಗಿಸಲಾಗದ, ಪಂಕ್ತಿಯಲ್ಲಿ ಕುಳಿತರೆ ಮೇಲೇಳಲು ಇಬ್ಬರ ಕೈಯಾಸರೆ ಬೇಕಾಗುವ ಸ್ಥಿತಿ ಬಂದಾಗ ಅದು ಕೇವಲ ಲೌಕಿಕವಾಗಿ ಉಳಿಯುವುದಿಲ್ಲ. ಶ್ರೀಮದಾಚಾರ್ಯರ ಚರಿತ್ರೆಯನ್ನು ಬರೆದ ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ಬಾಲಕ ವಾಸುದೇವನ ಓಟ, ಈಜು, ಮಲ್ಲಯುದ್ಧಗಳನ್ನೂ ಸಂಕೋಚವಿಲ್ಲದೆ ವರ್ಣಿಸಿದ್ದಾರೆ. ದೇಹವನ್ನು ಕಡೆಗಣಿಸುವುದು ನಮ್ಮ ಸಂಪ್ರದಾಯದ ರೀತಿಯಲ್ಲ.

ಮೊದಲು ನಮ್ಮದೇ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಏಕಾದಶಿಯ ಪ್ರವಚನದಲ್ಲಿ, ಕೆಲವರ ಶರೀರವನ್ನು ಕಂಡರೆ ಅವರ ಮನೆಯ ಪಂಚಾಂಗದಲ್ಲಿ ಏಕಾದಶಿಯೇ ಇಲ್ಲವೆಂದು ತೋರುತ್ತದೆ ಎಂದು ನಾವು ವಿನೋದಕ್ಕಾಗಿ ಆಡಿದೆವು. ಸಭೆಯೆಲ್ಲ ನಕ್ಕಿತು. ಎದುರು ಸಾಲಿನಲ್ಲಿ ಮೂಡಿಗೆರೆ ಕಡೆಯ ತೋಟವೊಂದರ ರೈಟರ ಪತ್ನಿ ಕುಳಿತಿದ್ದರು. ಸ್ಥೂಲಶರೀರದವರು, ಇಪ್ಪತ್ತು ವರ್ಷಗಳಿಂದ ಏಕಾದಶಿಯಂದು ತೀರ್ಥವನ್ನು ಬಿಟ್ಟು ಹನಿ ನೀರನ್ನೂ ಮುಟ್ಟದವರು. ಅಂದಿನಿಂದ ಅವರು ದೇವಸ್ಥಾನಕ್ಕೆ ಬರುವುದನ್ನು ನಿಲ್ಲಿಸಿದರು. ಕಾರಣ ನಮಗೆ ತಿಳಿದದ್ದು ನಾಲ್ಕು ತಿಂಗಳ ನಂತರ, ಅವರ ಯಜಮಾನರು ಸಂಕೋಚದಿಂದ ಹೇಳಿದಾಗ. ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಮರುದಿನವೇ ಅವರ ಮನೆಗೆ ಹೋದೆವು.

"ತಾಯಿ, ನಮ್ಮ ಬಾಯಿ ತಪ್ಪಿತು, ಕ್ಷಮಿಸಬೇಕು" ಎಂದಾಗ ಆಕೆ ಕೊಟ್ಟ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ. "ಆಚಾರ್ಯರೇ, ತಾವು ಅಂದದ್ದಕ್ಕೆ ಬೇಸರವಿಲ್ಲ. ಉಪವಾಸ ಮಾಡುತ್ತೇನೆ, ಭಾರ ಇಳಿಯುವುದಿಲ್ಲ. ಡಾಕ್ಟರು ನಂಬುವುದಿಲ್ಲ, ಮನೆಯವರು ನಂಬುವುದಿಲ್ಲ. ದೇವರಿಗಾದರೂ ನಂಬಿಕೆಯಿದೆಯೋ ಇಲ್ಲವೋ ಅನ್ನಿಸಿಬಿಟ್ಟಿತು."

ಉತ್ತರ ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಊರಿಗೆ ಮರಳಿ ಗ್ರಂಥಗಳನ್ನು ತೆರೆದೆವು, ಪರಿಚಿತ ವೈದ್ಯರೊಬ್ಬರನ್ನೂ ಕೇಳಿದೆವು. ತಿಳಿದುಬಂದ ಸಂಗತಿಗಳಿಂದ ನಮ್ಮ ವಿನೋದ ಇನ್ನಷ್ಟು ನಾಚಿಕೆಗೇಡಾಗಿ ಕಂಡಿತು.

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ವಿಚಾರ ವಿಸ್ತಾರವಾಗಿ ಬಂದಿದೆ. ಅತಿಯಾದ ಊಟ, ಜಿಡ್ಡು, ಸಿಹಿ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು ಇವನ್ನೆಲ್ಲ ಕಾರಣಗಳೆಂದು ಹೇಳಿದ ಆ ಋಷಿಯು ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಯರಿಂದ ಬಂದದ್ದನ್ನೂ, ಅವುಗಳ ಜೊತೆಗೇ ಸೇರಿಸಿದ್ದಾನೆ. ಮೇದಸ್ಸು ಸ್ರೋತಸ್ಸುಗಳನ್ನು ಅಡ್ಡಗಟ್ಟಿದಾಗ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಅಗ್ನಿಯನ್ನು ಕೆರಳಿಸುತ್ತದೆ, ಉಂಡದ್ದು ಬೇಗನೆ ಜೀರ್ಣವಾಗಿ ಮತ್ತೆ ಹಸಿವೆಯಾಗುತ್ತದೆ ಎಂಬುದು ಅವನ ವಿವರಣೆ. ಸ್ಥೂಲನಿಗೆ ಹಸಿವೆ ಹೆಚ್ಚುವುದು ಅವನ ದುರಾಸೆಯಿಂದಲ್ಲ, ಆ ರೋಗದ ಲಕ್ಷಣವೇ ಅದು. ಈ ಕಾಲದ ವೈದ್ಯರ ಭಾಷೆ ಬೇರೆ, ಅನುಭವ ಅದೇ. ಭಾರ ಇಳಿಸಿಕೊಂಡವರ ರಕ್ತದಲ್ಲಿ ಹಸಿವೆಯನ್ನು ಪ್ರೇರಿಸುವ ಸ್ರಾವಗಳು ಒಂದು ವರ್ಷ ಕಳೆದ ಮೇಲೂ ಮೊದಲಿಗಿಂತ ಹೆಚ್ಚಾಗಿಯೇ ಉಳಿದಿರುವುದನ್ನು ಆಸ್ಟ್ರೇಲಿಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದರು. ಕಳೆದುಕೊಂಡ ಭಾರವನ್ನು ಮರಳಿ ಪಡೆಯಲು ದೇಹವೇ ಹೋರಾಡುತ್ತದೆಂದು ಇದರ ಅರ್ಥ. ಇದನ್ನರಿಯದೆ ನಾವು ಮನಸ್ಸು ಗಟ್ಟಿಮಾಡಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತೇವೆ.

ಕಳಸಕ್ಕೆ ಹೋದವರು ಭದ್ರಾನದಿಯ ಅಂಬುತೀರ್ಥದಲ್ಲಿರುವ ಬೃಹತ್ ಶಿಲೆಯನ್ನು ನೋಡಿರುತ್ತೀರಿ. ಶ್ರೀಮದಾಚಾರ್ಯರು ಅದನ್ನು ಒಂದೇ ಹಸ್ತದಿಂದ ತಂದು ಸ್ಥಾಪಿಸಿದರೆಂದು ಆ ಕಲ್ಲಿನ ಮೇಲೆಯೇ ಸಂಸ್ಕೃತದಲ್ಲಿ ಬರೆದಿದೆ. ಅನೇಕರು ಸೇರಿಯೂ ಅಲುಗಿಸಲಾಗದ ಬಂಡೆ ಅದು. ಮುಖ್ಯಪ್ರಾಣದೇವರ ಅವತಾರರಾದ್ದರಿಂದ ಅವರಿಗೆ ಅದು ಹೂವಿನಂತಾಯಿತು. ಭಾರ ಇಳಿಸುವವರಿಗೆ ಬುದ್ಧಿ ಹೇಳುವ ತೆಳುದೇಹದ ಮಹನೀಯರು ಈ ಕೆಲಸವನ್ನೂ ಒಂದು ಕೈಯ ಕೆಲಸವೆಂದೇ ತಿಳಿದಿರುತ್ತಾರೆ. ಒಮ್ಮೆ ನಿಶ್ಚಯಿಸಿದರೆ ಆಗಿಹೋಯಿತು ಎನ್ನುತ್ತಾರೆ. ಸಾಮಾನ್ಯ ಜೀವರು ಬಂಡೆಯನ್ನು ಒಂದೇ ಸಲಕ್ಕೆ ಎತ್ತಲಾರರು. ಸನಿಕೆ ಕೊಟ್ಟು ಗೇಣುಗೇಣಾಗಿ ಸರಿಸಬೇಕು, ಜಾರಿ ಹಿಂದೆ ಬಂದರೆ ಮತ್ತೆ ಸನಿಕೆ ಕೊಡಬೇಕು.

ಇನ್ನು ಆ ತಾಯಿಯ ಪ್ರಶ್ನೆ. ಏಕಾದಶಿಯ ಉಪವಾಸದಿಂದ ಭಾರ ಏಕೆ ಇಳಿಯುವುದಿಲ್ಲ? ಏಕಾದಶಿಯು ಭಾರ ಇಳಿಸಲೆಂದು ವಿಹಿತವಾದ ವ್ರತವಲ್ಲವೆಂಬುದನ್ನು ಮೊದಲು ಹೇಳಿಬಿಡೋಣ. ಅದು ಹರಿದಿನ, ಅದರ ಫಲವನ್ನು ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೂ ಕೇಳಿದ ಪ್ರಶ್ನೆಗೆ ಉತ್ತರವುಂಟು. ವರ್ಷಕ್ಕೆ ಏಕಾದಶಿಗಳು ಸುಮಾರು ಇಪ್ಪತ್ತನಾಲ್ಕು. ದ್ವಾದಶಿಗಳೂ ಅಷ್ಟೇ. ಶಾಸ್ತ್ರವು ದಶಮಿಯಂದು ಒಪ್ಪೊತ್ತು, ದ್ವಾದಶಿಯಂದೂ ರಾತ್ರಿ ಊಟವಿಲ್ಲ ಎಂದು ವಿಧಿಸಿದರೆ, ನಾವು ದಶಮಿಯಂದು ನಾಳೆಯ ಭಯಕ್ಕೆ ಎರಡು ಹೊತ್ತು ಹೊಟ್ಟೆ ತುಂಬಿಸಿ, ದ್ವಾದಶಿಯ ಪಾರಣೆಯನ್ನು ಸಮಾರಾಧನೆಯನ್ನಾಗಿ ಮಾಡಿದ್ದೇವೆ. ಬೆಳಗಿನ ಆರು ಗಂಟೆಗೇ ಪಾಯಸ, ದೋಸೆ, ಅದರ ಮೇಲೆ ಕಾಫಿ, ಮಧ್ಯಾಹ್ನ ದಣಿವಿನ ನೆಪದಲ್ಲಿ ನಿದ್ರೆ. ಏಕಾದಶಿಯ ಮರುಬೆಳಿಗ್ಗೆ ತೂಗಿಕೊಂಡರೆ ಒಂದು ಕಿಲೋ ಇಳಿದಂತೆ ಕಾಣುವುದುಂಟು. ಅದರಲ್ಲಿ ಹೆಚ್ಚಿನದು ನೀರು. ಸಂಜೆಯೊಳಗೆ ಮರಳಿ ಬರುತ್ತದೆ. ಸುಳ್ಳು ಸಂತೋಷ, ಅದರ ಬೆನ್ನಿಗೇ ನಿಜವಾದ ನಿರಾಶೆ. ಭಾರವನ್ನು ನೋಡಲೇಬೇಕೆನ್ನುವವರು ವಾರಕ್ಕೊಂದು ಸಲ, ಏಕಾದಶಿ ದ್ವಾದಶಿಗಳನ್ನು ಬಿಟ್ಟು ಒಂದೇ ವೇಳೆಯಲ್ಲಿ ನೋಡುವುದು ಒಳ್ಳೆಯದು.

ಕಾಫಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ನಮ್ಮ ಸೀಮೆಯಲ್ಲಿ ಏಕಾದಶಿಯಂದು ಕಾಡುವುದು ಅನ್ನದ ನೆನಪಲ್ಲ, ಕಾಫಿಯ ನೆನಪು. ಮಧ್ಯಾಹ್ನದ ಹೊತ್ತಿಗೆ ಬರುವ ತಲೆನೋವನ್ನು ಅನೇಕರು ಹಸಿವೆಯೆಂದು ತಿಳಿಯುತ್ತಾರೆ. ಬಹುಮಟ್ಟಿಗೆ ಅದು ಕಾಫಿ ತಪ್ಪಿದ್ದರಿಂದ ಬಂದದ್ದು. ಅಷ್ಟಮಿಯಿಂದಲೇ ಒಂದೊಂದು ಲೋಟವನ್ನು ಕಡಿಮೆಮಾಡಿದರೆ ಏಕಾದಶಿಯು ಸುಗಮವಾಗುತ್ತದೆ. ಬಾಬಾ ಬುಡನರ ಗಿರಿಯ ತಪ್ಪಲಿನಲ್ಲಿ ಕುಳಿತು ಕಾಫಿಯನ್ನೇ ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಚಾತುರ್ಮಾಸ್ಯ ವ್ರತದ ರಚನೆಯನ್ನು ನಾವು ಪ್ರತಿವರ್ಷ ಒಪ್ಪಿಸುತ್ತೇವೆ, ಅದರ ಯುಕ್ತಿಯನ್ನು ಗಮನಿಸುವುದಿಲ್ಲ. ಮೊದಲ ತಿಂಗಳು ಶಾಕ ವರ್ಜ್ಯ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯಗಳು. ಒಂದೊಂದು ತಿಂಗಳಿಗೆ ಒಂದೊಂದು. ನಾಲ್ಕನ್ನೂ ಒಟ್ಟಿಗೆ ಬಿಡಿರೆಂದು ಗೃಹಸ್ಥನಿಗೆ ಶಾಸ್ತ್ರವು ಹೇಳಲಿಲ್ಲ. ಬಿಡುವ ವಸ್ತುವಿಗೆ ಹೆಸರುಂಟು, ಆರಂಭಕ್ಕೆ ತಿಥಿಯುಂಟು, ಮುಕ್ತಾಯಕ್ಕೂ ತಿಥಿಯುಂಟು. ಬಾಯಿಬಿಟ್ಟು ಸಂಕಲ್ಪ ಮಾಡಬೇಕು, ಮುಗಿದಾಗ ಕೃಷ್ಣಾರ್ಪಣವೆನ್ನಬೇಕು. ಮನೆಮಂದಿಯೆಲ್ಲ ಒಟ್ಟಿಗೆ ಆಚರಿಸುವುದರಿಂದ ಬೆಳಿಗ್ಗೆ ಎದ್ದು ಇಂದು ಮೊಸರು ತಿನ್ನಲೋ ಬೇಡವೋ ಎಂದು ಯಾರೂ ಹೊಸದಾಗಿ ನಿರ್ಧರಿಸಬೇಕಾಗಿಲ್ಲ. ಭಾರ ಇಳಿಸಬೇಕೆನ್ನುವವರು ಮಾಡುವುದು ಇದಕ್ಕೆ ವಿರುದ್ಧ. ಒಂದು ಸೋಮವಾರ ಅನ್ನ, ಸಕ್ಕರೆ, ತುಪ್ಪ, ಕರಿದದ್ದು ಎಲ್ಲವನ್ನೂ ಬಿಡುತ್ತಾರೆ. ಎಷ್ಟು ಕಾಲವೆಂಬ ಅವಧಿಯಿಲ್ಲ. ಯಾರಿಗೂ ಹೇಳುವುದಿಲ್ಲ, ಹೇಳಿದರೆ ನಗುತ್ತಾರೆಂಬ ಭಯ. ಗುರುವಾರದ ಹೊತ್ತಿಗೆ ಎಲ್ಲವೂ ಮರಳಿ ತಟ್ಟೆಗೆ ಬರುತ್ತದೆ. ಅವರಲ್ಲಿ ಉತ್ಸಾಹ ಕಡಿಮೆಯಿರಲಿಲ್ಲ. ಅದನ್ನು ಹಿಡಿದಿಡುವ ವ್ರತದ ಕಟ್ಟು ಇರಲಿಲ್ಲ.

ವ್ರತದ ಕಟ್ಟಿನಲ್ಲಿಯೂ ನಾವು ಕಳ್ಳದಾರಿ ಹುಡುಕುತ್ತೇವೆಂಬುದು ಬೇರೆ ಮಾತು. ಶಾಕವ್ರತದಲ್ಲಿ ತರಕಾರಿ ಇಲ್ಲವೆಂದು ದಿನಕ್ಕೊಂದು ಸಿಹಿ ಮಾಡುವ ಮನೆಗಳನ್ನು ನಾವು ಬಲ್ಲೆವು. ಹೊರಗೆ ಆಷಾಢದ ಜಡಿಮಳೆ, ಒಳಗೆ ಬಾಣಲೆಯಲ್ಲಿ ಕರಿದ ಹಪ್ಪಳ. ವ್ರತ ಮುಗಿಯುವಷ್ಟರಲ್ಲಿ ಎರಡು ಕಿಲೋ ಹೆಚ್ಚಿರುತ್ತದೆ.

ನಾವು ಆ ತಾಯಿಗೆ ಹೇಳಿದ್ದು ಇಷ್ಟೇ: ಶಾಸ್ತ್ರೋಕ್ತ ವ್ರತದ ಜೊತೆಗೆ, ವೈದ್ಯರ ಒಪ್ಪಿಗೆ ಪಡೆದು, ತಿಂಗಳಿಗೊಂದು ತಮ್ಮದೇ ವಸ್ತುವನ್ನು ಸೇರಿಸಿಕೊಳ್ಳಿ. ಆಕೆ ಆರಿಸಿಕೊಂಡ ಮೊದಲ ವಸ್ತು ಕಾಫಿಯ ಸಕ್ಕರೆ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ ನಾಲ್ಕೈದು ಗ್ರಾಮಿನಂತೆ ಐವತ್ತು ಗ್ರಾಮಿಗೆ ಕಡಿಮೆಯಿಲ್ಲ. ದಿನವೊಂದಕ್ಕೆ ಐವತ್ತು ಗ್ರಾಮಿನೊಳಗೆ ಇರಬೇಕು, ಇಪ್ಪತ್ತೈದಕ್ಕೆ ಇಳಿದರೆ ಇನ್ನೂ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಫಿಯಲ್ಲಿಯೇ ಅದು ಮುಗಿದುಹೋಗುತ್ತಿತ್ತು. ಎರಡನೆಯ ತಿಂಗಳಿಗೆ ಎರಡು ಊಟಗಳ ನಡುವಿನ ತಿಂಡಿ. ಇದಕ್ಕೆ ಆಕೆ ತಾನೇ ಒಂದು ಉಪಾಯ ಕಂಡುಕೊಂಡರು. ದೇವರಿಗೆ ನಿವೇದನೆಯಾಗದ ಯಾವುದನ್ನೂ ತಿನ್ನುವುದಿಲ್ಲವೆಂಬ ನಿಯಮ ಮನೆಯಲ್ಲಿ ಮೊದಲಿನಿಂದಲೂ ಇತ್ತು, ಅಡಿಗೆಗೆ ಮಾತ್ರ. ಅದನ್ನು ಡಬ್ಬಿಯ ಚಕ್ಕುಲಿಗೂ ಪೇಟೆಯ ಬಿಸ್ಕತ್ತಿಗೂ ಹಚ್ಚಿದರು. ಮಧ್ಯಾಹ್ನ ನಾಲ್ಕು ಗಂಟೆಗೆ ದೇವರ ಕೋಣೆಯ ಬಾಗಿಲು ತೆರೆದು ಬಿಸ್ಕತ್ತಿನ ಪೊಟ್ಟಣವನ್ನು ಇಡಲು ಕೈಬರಲಿಲ್ಲವಂತೆ.

ಮೂರನೆಯದಾಗಿ ನಡಿಗೆ. ಇಲ್ಲಿ ಮಲೆನಾಡಿನ ಕಷ್ಟವನ್ನು ಬಯಲುಸೀಮೆಯವರು ಅರಿಯರು. ತೋಟದಲ್ಲಿ ಹತ್ತು ಹೆಜ್ಜೆ ಸಮನೆಲವಿಲ್ಲ. ಏರಿಳಿತಕ್ಕೆ ಮಂಡಿ ಹಿಡಿಯುತ್ತದೆ. ಮಳೆ, ಜಾರಿಕೆ, ಜಿಗಣೆ. ಆಕೆ ಮಳೆಗಾಲದಲ್ಲಿ ಜಗುಲಿಯ ಉದ್ದಕ್ಕೂ, ಮಳೆ ಬಿಟ್ಟಾಗ ಅಂಗಳದ ತುಳಸಿಕಟ್ಟೆಯ ಸುತ್ತಲೂ ಕೃಷ್ಣಾಷ್ಟೋತ್ತರ ಹೇಳಿಕೊಂಡು ಸುತ್ತಿದರು. ಕಾರ್ತಿಕದ ನಂತರ ಕಾಫಿ ಒಣಗಿಸುವ ಕಣದಲ್ಲಿ ಸಮನೆಲ ಸಿಕ್ಕಿತು. ಹಣ್ಣು ಕೊಯ್ಲಾಗಿ ಕಣ ತುಂಬಿದಾಗ ಮತ್ತೆ ಜಗುಲಿಗೇ ಬಂದರು. ಮಂಡಿನೋವಿರುವ ವೃದ್ಧರನ್ನು ಪರೀಕ್ಷಿಸಿದ ಅಮೆರಿಕದ ವೈದ್ಯರು, ಶರೀರದ ಒಂದು ಕಿಲೋ ಇಳಿದರೆ ಮಂಡಿಯ ಮೇಲೆ ಪ್ರತಿ ಹೆಜ್ಜೆಗೆ ಬೀಳುವ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು 2005ರಲ್ಲಿ ಹೇಳಿದ್ದಾರೆ. ಈ ಲೆಕ್ಕವನ್ನು ನಾವು ಹೇಳಿದಾಗ ಆಕೆಯ ಮುಖ ಅರಳಿದ್ದು ಯಾವ ಉಪದೇಶದಿಂದಲೂ ಅರಳಿರಲಿಲ್ಲ.

ಉತ್ಥಾನದ್ವಾದಶಿಯ ಹೊತ್ತಿಗೆ ನಾಲ್ಕು ಕಿಲೋ ಇಳಿದಿತ್ತು. ಅಲ್ಲಿಂದ ಮುಂದೆ ಎರಡು ತಿಂಗಳು ಮುಳ್ಳು ಕದಲಲಿಲ್ಲ. ಇದು ಎಲ್ಲರಿಗೂ ಬರುವ ಘಟ್ಟ. ಹಗುರಾದ ದೇಹಕ್ಕೆ ಕಡಿಮೆ ಆಹಾರ ಸಾಕಾಗುವುದರಿಂದ ಮೊದಲಿನ ನಿಯಮವು ಇಳಿಸುವುದನ್ನು ನಿಲ್ಲಿಸಿ ಕಾಯುವ ಕೆಲಸವನ್ನು ಮಾತ್ರ ಮಾಡುತ್ತದೆ. ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ಅಂಥವರಿಗೆ ಚೆನ್ನೈಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ತಿಳಿಸಬೇಕು. ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ನಡಿಗೆ ಮತ್ತು ಆಹಾರದ ನಿಯಮವನ್ನು ಹೇಳಿಕೊಟ್ಟಾಗ ಮಧುಮೇಹ ಬರುವ ಸಂಭವ ಶೇಕಡ 28.5ರಷ್ಟು ತಗ್ಗಿತು, ಅವರ ಭಾರವಾದರೋ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಮುಳ್ಳು ನಿಂತಲ್ಲಿಯೇ ನಿಂತಾಗಲೂ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಆಮೇಲೆ ಮಗಳ ಸೀಮಂತ ಬಂತು. ಹದಿನೈದು ದಿನ ಮನೆತುಂಬ ನೆಂಟರು, ಒಲೆಯ ಮುಂದೆ ರುಚಿ ನೋಡುವುದು, ನಡಿಗೆಗೆ ಬಿಡುವಿಲ್ಲ, ಸಕ್ಕರೆಯ ಕಾಫಿ. ಮೂರು ಕಿಲೋ ಮರಳಿತು. ಆಕೆ ನಮಗೆ ಹೇಳಿಕಳುಹಿಸಿದರು: "ವ್ರತಭಂಗವಾಯಿತು, ಇನ್ನು ನನ್ನಿಂದಾಗದು."

ಆಗ ನಮಗೆ ನೆನಪಾದದ್ದು ಗೀತೆಯ ಆರನೆಯ ಅಧ್ಯಾಯ. ಅತಿಯಾಗಿ ಉಣ್ಣುವವನಿಗೂ ಏನನ್ನೂ ಉಣ್ಣದವನಿಗೂ ಯೋಗವಿಲ್ಲವೆಂದು ಭಗವಂತನು ಹೇಳಿದ್ದು ಅಲ್ಲಿಯೇ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಂತೆ ಎಂದು ಅರ್ಜುನನು ಹೇಳಿದಾಗ, ಹಾಗಲ್ಲವೆಂದು ಭಗವಂತನು ಅವನನ್ನು ಗದರಲಿಲ್ಲ. ಕಷ್ಟವೆಂಬುದನ್ನು ಒಪ್ಪಿಕೊಂಡು ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ಹೇಳಿದನು. ಅರ್ಜುನನು ಅಲ್ಲಿಗೂ ಬಿಡಲಿಲ್ಲ. ಶ್ರದ್ಧೆಯಿಂದ ಆರಂಭಿಸಿ ನಡುದಾರಿಯಲ್ಲಿ ಜಾರಿದವನ ಗತಿಯೇನು, ಚದುರಿದ ಮೋಡದಂತೆ ಅವನು ಎರಡಕ್ಕೂ ಇಲ್ಲದೆ ಹೋಗುವನೆ ಎಂದು ಕೇಳಿದನು. ಒಳ್ಳೆಯದನ್ನು ಮಾಡಹೊರಟವನಿಗೆ ದುರ್ಗತಿಯಿಲ್ಲ, ಅವನು ಹಿಂದೆ ಗಳಿಸಿದ ಬುದ್ಧಿಯನ್ನು ಮರಳಿ ಪಡೆದು ಅಲ್ಲಿಂದಲೇ ಮುಂದುವರಿಯುತ್ತಾನೆ ಎಂಬುದು ಅದಕ್ಕೆ ಬಂದ ಉತ್ತರದ ಸಾರ. ಜನ್ಮಾಂತರದಲ್ಲಿಯೂ ಕಳೆಯದ ಗಳಿಕೆಯು ಹದಿನೈದು ದಿನಗಳ ಸೀಮಂತದಲ್ಲಿ ಕಳೆದುಹೋಗುವುದೆ? ಆಕೆ ನಾಲಿಗೆಗೆ ಕಲಿಸಿದ್ದ ಸಕ್ಕರೆಯಿಲ್ಲದ ಕಾಫಿ, ಕಾಲಿಗೆ ಕಲಿಸಿದ್ದ ಪ್ರದಕ್ಷಿಣೆ ಎಲ್ಲಿಗೂ ಹೋಗಿರಲಿಲ್ಲ. ಹೊಸದಾಗಿ ಆರಂಭಿಸಬೇಡಿ, ಬಿಟ್ಟಲ್ಲಿಂದ ಹಿಡಿಯಿರಿ ಎಂದು ಹೇಳಿ ಕಳುಹಿಸಿದೆವು. ಏಕಾದಶಿ ತಪ್ಪಿದವನಿಗೆ ಹದಿನೈದು ದಿನಗಳಲ್ಲಿ ಇನ್ನೊಂದು ಏಕಾದಶಿ ಬರುತ್ತದಲ್ಲವೆ?

ಭೀಮಸೇನದೇವರ ಹೆಸರಿನಲ್ಲಿ ಜ್ಯೇಷ್ಠ ಶುದ್ಧದಲ್ಲಿ ಒಂದು ಏಕಾದಶಿಯಿದೆ. ವೃಕೋದರರಾದ ಅವರು ಹಸಿವೆ ತಡೆಯಲಾರದೆ ವ್ಯಾಸರನ್ನು ಕೇಳಿದರೆಂಬ ಕಥೆ ಜನಪ್ರಿಯವಾಗಿದೆ. ವಾಯುದೇವರಿಗೆ ಅಶಕ್ತಿಯೆಲ್ಲಿಯದು? ಹಸಿವೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ನಾಚದಿರಲೆಂದು ನಮ್ಮಂಥವರಿಗಾಗಿ ಆಡಿದ ಮಾತೆಂದೇ ನಾವು ತಿಳಿಯುತ್ತೇವೆ.

ಅಡ್ಡಿಗಳೆಲ್ಲ ಒಳಗಿನವಲ್ಲ. ಬಡಿಸುವವರ ಒತ್ತಾಯವೂ ಒಂದು ಅಡ್ಡಿ, ಇದರಲ್ಲಿ ನಮ್ಮ ದೇವಸ್ಥಾನವೂ ನಿರ್ದೋಷಿಯಲ್ಲ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸೀಮೆಯವರು ನಾವು. ಬಂದವರಿಗೆ ಉಣಿಸುವುದು ನಮ್ಮ ಹೆಮ್ಮೆ, ಅದು ಉಳಿಯಬೇಕು. ಅನ್ನವನ್ನು ಹಗೆಯಾಗಿ ಕಾಣುವುದು ಉಪನಿಷತ್ತಿಗೆ ಸಮ್ಮತವಲ್ಲ. ಆದರೆ ಬೇಡವೆಂದು ಎಲೆಗೆ ಅಡ್ಡಹಿಡಿದ ಕೈಯ ಸಂದಿಯಲ್ಲಿ ಹೋಳಿಗೆ ತೂರಿಸುವುದು ಉಪಚಾರವಲ್ಲ. ಊಟವು ವೈಶ್ವಾನರನಿಗೆ ಕೊಡುವ ಆಹುತಿಯೆಂದು ನಾವೇ ಹೇಳುತ್ತೇವೆ. ಅಗ್ನಿ ಹೊರುವುದಕ್ಕಿಂತ ಹೆಚ್ಚು ಸೌದೆ ಹೇರಿದರೆ ಹೊಗೆಯಲ್ಲದೆ ಮತ್ತೇನು ಬಂದೀತು? ಊಟವನ್ನು ನಿಲ್ಲಿಸಲು ಶಾಸ್ತ್ರವು ಉತ್ತರಾಪೋಶನವನ್ನು ಕೊಟ್ಟಿದೆ. ಅದಾದ ಮೇಲೆ ಒಂದು ಅಗುಳೂ ಸಲ್ಲದು. ನಾವು ಮಜ್ಜಿಗೆಯನ್ನವೂ ಮುಗಿದು, ಮತ್ತೊಂದು ಸುತ್ತು ಪಾಯಸವೂ ಮುಗಿದು, ಹೊಟ್ಟೆ ಬಿರಿದ ಮೇಲೆ ಅದನ್ನು ಸ್ವೀಕರಿಸುತ್ತೇವೆ. ಇನ್ನೂ ಸ್ವಲ್ಪ ಹಿಡಿಸೀತು ಎನ್ನುವಾಗಲೇ ಸ್ವೀಕರಿಸಿದರೆ ಬಡಿಸುವವರ ಬಾಯಿ ತಾನಾಗಿ ಮುಚ್ಚುತ್ತದೆ. ಸ್ತ್ರೀಯರು ಗೋವಿಂದನಾಮ ಹೇಳಿ ಎಲೆ ಬಿಡಬಹುದು. ಕಳೆದ ವರ್ಷದಿಂದ ನಮ್ಮ ಪಂಕ್ತಿಯಲ್ಲಿ ಬೇಡವೆಂದವರಿಗೆ ಎರಡನೆಯ ಸಲ ಕೇಳಕೂಡದೆಂದು ಬಡಿಸುವವರಿಗೆ ಹೇಳಿದ್ದೇವೆ. ಮೊದಮೊದಲು ಕೆಲವು ಹಿರಿಯರಿಗೆ ಇದು ಅನಾದರವೆಂದು ತೋರಿತು.

ಒಂದು ಎಚ್ಚರಿಕೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ನಿರ್ಜಲ ಉಪವಾಸಕ್ಕಾಗಲಿ ಆಹಾರ ಕಡಿತಕ್ಕಾಗಲಿ ಇಳಿಯಕೂಡದು. ಬಾಲರಿಗೂ ವೃದ್ಧರಿಗೂ ಆತುರರಿಗೂ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ದೇಹವನ್ನು ಹಿಂಸಿಸುವ ತಪಸ್ಸನ್ನು ಗೀತೆಯ ಹದಿನೇಳನೆಯ ಅಧ್ಯಾಯವು ಯಾವ ಪಂಕ್ತಿಗೆ ಸೇರಿಸಿದೆಯೆಂಬುದನ್ನು ತಾವು ಬಲ್ಲಿರಿ.

ಆ ತಾಯಿ ವೈದ್ಯರು ಹೇಳಿದ ಅಂಕೆಯನ್ನು ಇನ್ನೂ ಮುಟ್ಟಿಲ್ಲ. ಸೀಮಂತದಲ್ಲಿ ಮರಳಿದ ಮೂರು ಕಿಲೋ ಇಳಿಯಲು ಐದು ತಿಂಗಳು ಹಿಡಿಯಿತು, ಆಮೇಲೆ ಇನ್ನೆರಡು ಇಳಿಯಿತು. ಕಳೆದ ಉತ್ಥಾನದ್ವಾದಶಿಯ ತುಳಸೀಪೂಜೆಗೆ ಅವರು ದೇವಸ್ಥಾನಕ್ಕೆ ಬಂದಿದ್ದರು. ನಮಸ್ಕಾರಕ್ಕೆಂದು ನೆಲಕ್ಕೆ ಮಂಡಿಯೂರಿದಾಗ ಪಕ್ಕದಲ್ಲಿದ್ದ ಸೊಸೆ ಎತ್ತಲು ಕೈ ನೀಡಿದಳು. "ಇರಲಿ ಬಿಡೇ" ಎಂದು ಆಕೆ ನೆಲಕ್ಕೆ ಅಂಗೈಯೂರಿ, ತುಸು ಹೊತ್ತು ತೆಗೆದುಕೊಂಡು, ತಾವೇ ಎದ್ದು ನಿಂತರು. ಈ ವರ್ಷದ ನಾಲ್ಕು ವಸ್ತುಗಳಾವುವೆಂದು ಇನ್ನೂ ನಿಶ್ಚಯಿಸಿಲ್ಲವಂತೆ; ಮೊದಲನೆಯದು ರಾತ್ರಿಯ ಎರಡನೆಯ ಸಲದ ಅನ್ನ ಎಂದು ಮಾತ್ರ ಹೇಳಿದ್ದಾರೆ.

ತಮ್ಮದೊಂದು ವಸ್ತುವನ್ನು ಸೇರಿಸಿ ಸಂಕಲ್ಪ ಮಾಡಲಿಚ್ಛಿಸುವವರು ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಮುಂಚೆ ದೇವಸ್ಥಾನಕ್ಕೆ ಬರಬಹುದು. ವಸ್ತುವಿನ ಹೆಸರನ್ನು ಗಟ್ಟಿಯಾಗಿ ಹೇಳಬೇಕಾಗಿಲ್ಲ. ಅಂದಿನ ಪಾರಣೆಗೆ ಅನ್ನ, ತೊವ್ವೆ, ಮಜ್ಜಿಗೆ ಮಾತ್ರ ಇರುತ್ತದೆ, ಪಾಯಸವಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.